ಲಸಿಕೆಯ ತರುವಾಯದ ಅನಿಷ್ಟಗಳ ವರದಿ: ಒಂದು ಸಾಕ್ಷ್ಯವಿಮರ್ಶೆ

'ಲಸಿಕೆ ಹಾಕಿದ ಮೇಲೆ ಮಗು ತೀರಿಕೊಂಡಿತು' ಎಂಬ ವಾಕ್ಯದಲ್ಲಿ 'ಮೇಲೆ' ಎಂಬುದು ಕಾಲವನ್ನಷ್ಟೇ ಹೇಳುತ್ತದೆಯೋ, ಕಾರಣವನ್ನೂ ಹೇಳುತ್ತದೆಯೋ? ಕುಮಟಾ ತಾಲ್ಲೂಕಿನ ಕಾಗಾಲದ ಕಡೆ 'ಬಂಡಿಹಬ್ಬ ಕಳೆದ ಮೇಲೆ ಮಳೆ ಹಿಡಿಯಿತು' ಎಂದರೆ, ಹಬ್ಬವೇ ಮಳೆಯನ್ನು ತಂದಿತೆಂದು ಯಾರೂ ಭಾವಿಸರು. 'ಅಘನಾಶಿನಿಯ ಉಬ್ಬರ ಏರಿದ ಮೇಲೆ ಗಜನಿಗದ್ದೆ ಮುಳುಗಿತು' ಎಂದರೆ ಕಾರಣವನ್ನು ಬೇರೆ ಕೇಳಬೇಕಾಗಿಲ್ಲ. ಪದವು ಒಂದೇ, ಸಂಬಂಧ ಎರಡು. ಇದನ್ನು ವ್ಯಾಕರಣದಿಂದ ನಿರ್ಣಯಿಸಲು ಬಾರದು, ಸಾಕ್ಷ್ಯವನ್ನೇ ಶೋಧಿಸಬೇಕು.

ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾಗಬೇಕಾದ ಪ್ರಕರಣವೊಂದುಂಟು. ಹಾಫ್‌ಕಿನ್ನನ ಪ್ಲೇಗು ಲಸಿಕೆಯನ್ನು 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಹಾಕಿಸಿಕೊಂಡಿದ್ದರು. ಅದೇ ಲಸಿಕೆಯನ್ನು 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಹಾಕಲಾಗಿ, 19 ಮಂದಿ ಧನುರ್ವಾಯುವಿನಿಂದ ಮೃತರಾದರು. ಅಂದು ಬಳಸಿದ ಸೀಸೆಗಳು ಐದು. ಮೃತರೆಲ್ಲರೂ ಒಂದೇ ಸೀಸೆಯಿಂದ ಲಸಿಕೆ ಪಡೆದವರು. ಆದುದರಿಂದ ಇದು ಕಾಕತಾಳೀಯವಲ್ಲ, ಲಸಿಕೆಯ ಸಹಜಗುಣವೂ ಅಲ್ಲ. ಆ ಒಂದು ಸೀಸೆಗೆ ಏನೋ ಆಗಿತ್ತು. ಮುಂಬಯಿಯ ಪ್ರಯೋಗಾಲಯದಲ್ಲಿಯೋ, ಹಳ್ಳಿಯಲ್ಲಿ ಬಿರಡೆ ತೆಗೆದಾಗಲೋ ಎಂಬುದೇ ವಿವಾದ. ಆಯೋಗವು ಪ್ರಯೋಗಾಲಯದತ್ತ ಬೆರಳು ತೋರಿತು. ಬಿರಡೆ ತೆಗೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತೆಂಬ ಸಂಗತಿಗೆ ತಕ್ಕ ಬೆಲೆ ದೊರೆಯಲಿಲ್ಲ. ಹಾಫ್‌ಕಿನ್ನನು ದೋಷಮುಕ್ತನಾದದ್ದು 1907ರಲ್ಲಿ.

ಇಂಥದೇ ಪ್ರಶ್ನೆ 2022ರ ಜನವರಿಯಲ್ಲಿ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ಎದ್ದಿತು. ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ಅಸುನೀಗಿದವು. ಲಸಿಕೆಯನ್ನು ಹೋಟೆಲಿನ ಶೀತಕಪೆಟ್ಟಿಗೆಯಲ್ಲಿ ಇರಿಸಲಾಗಿತ್ತೆಂದು ಪ್ರಾಥಮಿಕ ವಿಚಾರಣೆಯ ವರದಿಗಳು ಹೇಳಿದವು. ಈ ಲಸಿಕೆಯು ಪುಡಿಯ ರೂಪದಲ್ಲಿರುತ್ತದೆ; ದ್ರವ ಬೆರೆಸಿದ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಇಲ್ಲವಾದರೆ ಸೀಸೆಯಲ್ಲಿ ರೋಗಾಣುಗಳು ಬೆಳೆದು ವಿಷವನ್ನುಂಟುಮಾಡಬಲ್ಲವು; ಅಂಥ ವಿಷ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲುದು. ದಡಾರ ಲಸಿಕೆಯಿಂದಲೇ ಬರುವ ಜ್ವರವಾದರೋ ಸಾಮಾನ್ಯವಾಗಿ ಐದರಿಂದ ಹನ್ನೆರಡು ದಿನಗಳ ನಡುವೆ ತಲೆದೋರುತ್ತದೆ. ಹೀಗಿರಲಾಗಿ ಗಂಟೆಗಳ ಲೆಕ್ಕವೇ ಬಲವಾದ ಸಾಕ್ಷಿ. ವರದಿಗಳಲ್ಲಿ ತಾಯಂದಿರ ಗೋಳಿಗೆ ಸ್ಥಳವಿರುತ್ತದೆ, ಇರಲೂಬೇಕು. ಆದರೆ ಸೀಸೆ ತೆರೆದ ವೇಳೆ, ಅದೇ ಸೀಸೆಯಿಂದ ಪಡೆದ ಇತರ ಮಕ್ಕಳ ಸ್ಥಿತಿ, ಲಸಿಕೆ ಪಡೆಯದ ಮಕ್ಕಳಲ್ಲಿಯೂ ಆ ವಾರ ಕಾಯಿಲೆಯಿತ್ತೇ ಎಂಬ ವಿಚಾರ ಅಪೂರ್ವ.

ಎಲ್ಲವನ್ನೂ ಕಾಕತಾಳೀಯವೆಂದು ತಳ್ಳಿಹಾಕುವ ಅಧಿಕಾರವಾಣಿಯೂ ಅಷ್ಟೇ ಅವಿಮರ್ಶಿತವಾದುದು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಮತ್ತೆ ಒಂಬತ್ತನೆಯ ತಿಂಗಳು ತುಂಬಿದ ಮೇಲೆ ಲಸಿಕೆಯಿರುವಾಗ, ಎಳೆಗೂಸುಗಳ ಎಷ್ಟೋ ಕಾಯಿಲೆಗಳು ಯಾವುದಾದರೊಂದು ಲಸಿಕೆಯ ಬೆನ್ನಿಗೇ ಬರುವುವು, ನಿಜ. ಆದರೆ ಕಾಕತಾಳೀಯಗಳು ಊರೂರಿಗೆ ಚದರಿರುತ್ತವೆ. ಒಂದು ದಿನಕ್ಕೆ, ಒಂದು ಸೀಸೆಗೆ ಅಂಟಿಕೊಂಡು ಕೂರುವುದು ವಿರಳ. ಚದರಿದುದನ್ನು ನೋಡಲು ಒಟ್ಟು ಲೆಕ್ಕವೂ ಬೇಕು. ಇದೇ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಪ್ರದೇಶಗಳಲ್ಲಿ ಆರಂಭವಾಗಿ, ಕೋಟಿಗಟ್ಟಲೆ ಮಕ್ಕಳಿಗೆ ಮದ್ದು ಸಂದಿತು. ರಾಮದುರ್ಗದ ಸುದ್ದಿಯನ್ನು ಕಾಗಾಲದ ತಾಯಿಯೊಬ್ಬಳು ಓದಿದಾಗ ಆ ಕೋಟಿಯ ಲೆಕ್ಕ ಅವಳ ಕಣ್ಣಿಗೆ ಬೀಳುವುದಿಲ್ಲ. ಮೂರೆಂಬ ಸಂಖ್ಯೆ ಮಾತ್ರ ಬೀಳುತ್ತದೆ. ಅವಳು ಕೇಳುವ ಮೊದಲ ಪ್ರಶ್ನೆ, ಸೀಸೆಯನ್ನು ಎಷ್ಟು ಗಂಟೆಗೆ ತೆರೆದಿರಿ ಎಂಬುದಾದರೆ, ಅದಕ್ಕೆ ಉತ್ತರ ಕೊಡಬೇಕಾದ ದಾಖಲೆ ಆರೋಗ್ಯ ಕೇಂದ್ರದಲ್ಲಿರಬೇಕು.