ಪ್ರತಿಕೂಲ ವಿಮರ್ಶೆಯೂ ಗ್ರಂಥಕರ್ತನ ಕರ್ತವ್ಯವೂ

ಗ್ರಂಥವೊಂದು ಅಚ್ಚಾಗಿ ವಾಚಕರ ಕೈಸೇರಿದ ಮೇಲೆ ಅದರ ಗುಣದೋಷಗಳನ್ನು ಎತ್ತಿ ಹೇಳುವ ಅಧಿಕಾರ ವಾಚಕರದು. ಇದನ್ನು ಎಲ್ಲರೂ ಒಪ್ಪುವರು. ಆದರೆ ಆ ಮಾತು ಪ್ರತಿಕೂಲವಾಗಿ ಬಂದಾಗ ಗ್ರಂಥಕರ್ತನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ. ಸುಮ್ಮನಿರಬೇಕೆ, ಉತ್ತರ ಹೇಳಬೇಕೆ, ಬರೆದುದನ್ನು ತಿದ್ದಬೇಕೆ? ಕನ್ನಡದ ಕೆಲವು ನಿದರ್ಶನಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಮರ್ಶಕರ ತಾರತಮ್ಯವನ್ನು ಅರಿಯಬೇಕು. ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಭಾವಕರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಕಡ್ಡಿಯೊಡನೆ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಪರರ ಗುಣವನ್ನು ಸಹಿಸದವನು ಮತ್ಸರಿ. ಸತ್ಯವನ್ನೇ ಹಿಡಿದು ಹೊರಡುವವನು ತತ್ತ್ವಾಭಿನಿವೇಶಿ. ಅರೋಚಕಿಯಲ್ಲಿಯೂ ಎರಡು ಬಗೆಯುಂಟು. ಒಬ್ಬನ ಅರುಚಿ ಹುಟ್ಟಿನಿಂದ ಬಂದದ್ದು. ನೂರು ಸಂಸ್ಕಾರಗಳಿಂದಲೂ ಹೋಗತಕ್ಕದ್ದಲ್ಲ. ಇನ್ನೊಬ್ಬನ ಅರುಚಿ ಜ್ಞಾನದಿಂದ ಬಂದದ್ದು; ವಿಶಿಷ್ಟವಾದ ಕಾವ್ಯವನ್ನು ಕಂಡಾಗ ಅದು ತಾನಾಗಿ ಕರಗುತ್ತದೆ. ಮತ್ಸರಿಗೆ ಮೌನವೇ ಸಾಕಾದ ಉತ್ತರ. ತತ್ತ್ವಾಭಿನಿವೇಶಿಗೆ ಮಾತ್ರ ಮಾತಿನ ಉತ್ತರವು ಸಲ್ಲುತ್ತದೆ. ಕಷ್ಟವಿರುವುದು ಇಲ್ಲಿಯೇ. ಮನನೊಂದ ಗ್ರಂಥಕರ್ತನ ಕಣ್ಣಿಗೆ ತನ್ನನ್ನು ಹೊಗಳದವರೆಲ್ಲ ಮತ್ಸರಿಗಳಾಗಿಯೇ ಕಾಣುವರು. ಆದಕಾರಣ ತನ್ನ ಎದುರಿಗಿರುವವನು ಯಾವ ವರ್ಗದವನೆಂದು ನಿಷ್ಪಕ್ಷಪಾತವಾಗಿ ನಿರ್ಣಯಿಸುವುದೇ ಅವನ ಮೊದಲನೆಯ ಕರ್ತವ್ಯ.

ತತ್ತ್ವಾಭಿನಿವೇಶಿಗಳಿಬ್ಬರು ಎದುರೆದುರಾಗಿ ನಿಂತ ಪ್ರಸಂಗಕ್ಕೆ 'ಶೂದ್ರ ತಪಸ್ವಿ'ಯ ಚರ್ಚೆಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಶ್ರೀ ಕುವೆಂಪು ಅವರ ಈ ನಾಟಕವು 1944ರಲ್ಲಿ ಪ್ರಕಟವಾಯಿತು. ಉತ್ತರಕಾಂಡದಲ್ಲಿ ಶಂಬೂಕನ ತಪಸ್ಸಿನಿಂದ ಬ್ರಾಹ್ಮಣನ ಮಗನು ಅಕಾಲಮರಣವನ್ನು ಹೊಂದಿದನೆಂದೂ ಶ್ರೀರಾಮನು ಆ ತಪಸ್ವಿಯನ್ನು ಕೊಂದನೆಂದೂ ಇದೆ. ನಾಟಕದಲ್ಲಿಯಾದರೋ ರಾಮನು ಬಿಟ್ಟ ಅಸ್ತ್ರವು ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕಡೆಗೆ ಅವನು ತನ್ನ ತಪ್ಪನ್ನು ಅರಿತು ಶಂಬೂಕನಿಗೆ ತಲೆಬಾಗುತ್ತಾನೆ. ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದನ್ನು ವಿಮರ್ಶಿಸುತ್ತ ಕಥೆಯ ಈ ಮಾರ್ಪಾಟನ್ನು ಆಕ್ಷೇಪಿಸಿದರು. ಹೊಸ ಭಾವನೆಯನ್ನು ಹೇಳಬೇಕಾದರೆ ಹೊಸ ಕಥೆಯನ್ನು ಕಟ್ಟಬಹುದು, ಹಳೆಯ ಕಥೆಯನ್ನು ಅದಕ್ಕಾಗಿ ಬದಲಿಸುವುದು ತರವಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಕುವೆಂಪು ಅವರು ಬಹಿರಂಗವಾಗಿಯೇ ಉತ್ತರವಿತ್ತು ಕವಿಯ ಸ್ವಾತಂತ್ರ್ಯವನ್ನು ಸಮರ್ಥಿಸಿದರು.

ಇಬ್ಬರ ಪಕ್ಷಕ್ಕೂ ಶಾಸ್ತ್ರಾಧಾರವಿರುವುದನ್ನು ವಿದ್ವಾಂಸರು ಗಮನಿಸಬಹುದು. 'ಧ್ವನ್ಯಾಲೋಕ'ದ ಮೂರನೆಯ ಉದ್ದ್ಯೋತದಲ್ಲಿ ಆನಂದವರ್ಧನನು, ಇತಿವೃತ್ತದಿಂದ ಬಂದ ಅಂಶವು ರಸಕ್ಕೆ ಅನುಗುಣವಲ್ಲದಿದ್ದರೆ ಅದನ್ನು ಬಿಟ್ಟು ಉಚಿತವಾದುದನ್ನು ಕಲ್ಪಿಸಬೇಕೆಂದು ವಿಧಿಸುತ್ತಾನೆ. ಅದೇ ಪ್ರಕರಣದಲ್ಲಿ, ರಾಮಾಯಣಾದಿ ಸಿದ್ಧರಸ ಕಥೆಗಳಲ್ಲಿ ರಸವಿರೋಧಿಯಾದ ಸ್ವೇಚ್ಛೆ ಸಲ್ಲದೆಂದು ಎಚ್ಚರಿಸುತ್ತಾನೆ. ಮಾಸ್ತಿಯವರ ಆಕ್ಷೇಪವು ಎರಡನೆಯ ಮಾತಿನ ಕಡೆಗೂ ಕುವೆಂಪು ಅವರ ಸಮರ್ಥನೆಯು ಮೊದಲನೆಯ ಮಾತಿನ ಕಡೆಗೂ ನಿಲ್ಲುತ್ತವೆ. ವಿವಾದವು ವ್ಯಕ್ತಿಗಳದಾಗಿರದೆ ತತ್ತ್ವದ್ದಾಗಿತ್ತು. ಇಂತಹ ಸಂದರ್ಭದಲ್ಲಿ ಕವಿ ಮೌನವಾಗಿದ್ದರೆ ಸಾಹಿತ್ಯಲೋಕಕ್ಕೆ ನಷ್ಟವಾಗುತ್ತಿತ್ತು. ಇನ್ನೂ ಮುಖ್ಯವಾದ ಉತ್ತರವು ಕೃತಿರೂಪವಾಗಿ ಬಂದಿತು. 1949ರಲ್ಲಿ ಪ್ರಕಟವಾಗತೊಡಗಿದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಆಕ್ಷೇಪಕ್ಕೆ ಹೆದರಿ ಕವಿಯು ಹಿಂದೆಗೆಯಲಿಲ್ಲ. ಹಟದಿಂದ ಮಾರ್ಪಡಿಸಿದನೆಂದು ಹೇಳುವಂತೆಯೂ ಇಲ್ಲ. ಮಾರ್ಪಾಟು ಇಲ್ಲಿ ಇಡೀ ಕಾವ್ಯದ ದರ್ಶನದೊಡನೆ ಬೆಸೆದುಕೊಂಡಿದೆ.

ಎರಡನೆಯ ಮಾರ್ಗ ಕೆ. ಎಸ್. ನರಸಿಂಹಸ್ವಾಮಿಯವರದು. 1942ರ 'ಮೈಸೂರು ಮಲ್ಲಿಗೆ'ಯನ್ನು ಜನರು ಮನೆಮನೆಯಲ್ಲಿ ಹಾಡಿದರು. ನವ್ಯಪಂಥದ ವಿಮರ್ಶಕರಾದರೋ ಆ ದಾಂಪತ್ಯದ ಲೋಕವು ಕಿರಿದೆಂದು ಆಕ್ಷೇಪಿಸಿದರು. ಕವಿಯು ವಾದಕ್ಕೆ ಇಳಿಯುವುದಕ್ಕಿಂತ ಹೆಚ್ಚಾಗಿ ಕವಿತೆಯ ಮೂಲಕವೇ ನುಡಿದರು. 1958ರ 'ಶಿಲಾಲತೆ'ಯಲ್ಲಿ ಶೈಲಿಯೂ ವಸ್ತುವೂ ಬೇರೆಯಾದವು. 1976ರ 'ತೆರೆದ ಬಾಗಿಲು' ಸಂಗ್ರಹವು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಇದು ರಾಜಶೇಖರನು ಹೇಳಿದ ಜ್ಞಾನಜನ್ಯವಾದ ಅರುಚಿಗೆ ಕೊಡಬಹುದಾದ ಶ್ರೇಷ್ಠ ಉತ್ತರ. ಆದರೂ ಒಂದು ಮಾತು ಉಳಿಯುತ್ತದೆ. ಹೊಸ ಕವಿತೆ ಬಂದಿತೆಂದು ಹಳೆಯದು ತಪ್ಪಾಗಿತ್ತೆಂದು ಸಿದ್ಧವಾಗಲಿಲ್ಲ. ವಿಮರ್ಶೆಯಿಂದ ಕಲಿಯುವುದು ಬೇರೆ, ಹಿಂದೆ ಬರೆದುದನ್ನು ನಿರಾಕರಿಸುವುದು ಬೇರೆ.

ಮೂರನೆಯದು ಅ. ನ. ಕೃಷ್ಣರಾಯರ ಮಾರ್ಗ. 'ನಗ್ನಸತ್ಯ', 'ಸಂಜೆಗತ್ತಲು', 'ಶನಿಸಂತಾನ' ಎಂಬ ಕಾದಂಬರಿಗಳಲ್ಲಿ ವೇಶ್ಯಾವೃತ್ತಿಯನ್ನು ಚಿತ್ರಿಸಿದುದಕ್ಕಾಗಿ ಅವರ ಮೇಲೆ ಅಶ್ಲೀಲತೆಯ ಆರೋಪ ಬಂದಿತು. ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥವನ್ನೇ ರಚಿಸಿ ತಮ್ಮ ಪಕ್ಷವನ್ನು ಮಂಡಿಸಿದರು. ಪ್ರಶ್ನೆಯನ್ನು ತಮ್ಮ ಕೃತಿಗಳಿಂದ ಮೇಲಕ್ಕೆತ್ತಿ ಸಾಹಿತ್ಯದ ಸಾಮಾನ್ಯ ಪ್ರಶ್ನೆಯನ್ನಾಗಿ ಮಾಡಿದುದು ಈ ಕ್ರಮದ ಗುಣ. ಇದಕ್ಕೆ ಒಂದು ಮಿತಿಯೂ ಉಂಟು. ವಸ್ತುವಿನ ಆಯ್ಕೆಯನ್ನು ಸಿದ್ಧಾಂತದಿಂದ ಸಮರ್ಥಿಸಬಹುದು. ನಿರೂಪಣೆಯ ಔಚಿತ್ಯವನ್ನು ಹಾಗೆ ಸಮರ್ಥಿಸಲಾಗದು. ಅದು ಪುಟಪುಟದಲ್ಲಿಯೂ ವಾಚಕನ ಅನುಭವಕ್ಕೆ ಬರಬೇಕಾದದ್ದು.

ವಿಮರ್ಶೆಗೂ ದಂಡನೆಗೂ ಇರುವ ಭೇದವನ್ನೂ ಇಲ್ಲಿ ಮರೆಯಬಾರದು. ನರಸ್ತುತಿ ಮಾಡಿದನೆಂದು ಹರಿಹರನು ಕೋಪಗೊಂಡು ರಾಘವಾಂಕನ ಹಲ್ಲುಗಳನ್ನು ಉದುರಿಸಿದನೆಂದೂ, ಐದು ಶೈವಕೃತಿಗಳನ್ನು ರಚಿಸಿದ ಮೇಲೆ ಅವು ಮರಳಿ ಬಂದುವೆಂದೂ ಐತಿಹ್ಯವಿದೆ. ಪ್ರಾಯಶ್ಚಿತ್ತಕ್ಕಾಗಿ ಬರೆದುವೆನ್ನಲಾದ ಕಾವ್ಯಗಳಿಗಿಂತ ದಂಡನೆಗೆ ಗುರಿಯಾಯಿತೆನ್ನಲಾದ 'ಹರಿಶ್ಚಂದ್ರಕಾವ್ಯ'ವನ್ನೇ ಲೋಕವು ಹೆಚ್ಚಾಗಿ ಆದರಿಸಿತು. ಐತಿಹ್ಯವು ಹಾಗಿರಲಿ. 1989ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು 'ಮಾರ್ಗ' ಗ್ರಂಥದಲ್ಲಿ ಬರೆದ ಕೆಲವು ಅಭಿಪ್ರಾಯಗಳನ್ನು ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಅವರು ಧಾರವಾಡದ ತಮ್ಮ ಮನೆಯಲ್ಲಿ ಹತ್ಯೆಗೀಡಾದರು. ಬೆದರಿಕೆಯಿಂದ ಪಡೆದ ಹಿಂತೆಗೆತವನ್ನು ವಿಮರ್ಶೆಗೆ ಕೊಟ್ಟ ಉತ್ತರವೆಂದು ಎಣಿಸಲಾಗದು. ಅದರಿಂದ ಸಂಶೋಧನೆಯ ಪ್ರಶ್ನೆಯು ಇತ್ಯರ್ಥವಾಗುವುದೂ ಇಲ್ಲ. ಗ್ರಂಥವನ್ನು ಖಂಡಿಸುವ ಹಕ್ಕು ವಾಚಕನಿಗುಂಟು. ಗ್ರಂಥಕರ್ತನ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ. ಈ ಎಲ್ಲೆ ಅಳಿದರೆ ಮೇಲೆ ಹೇಳಿದ ಯಾವ ಮಾರ್ಗಕ್ಕೂ ಅರ್ಥವಿರದು.

ಇಷ್ಟರಿಂದ ಕೆಲವು ನಿರ್ಣಯಗಳಿಗೆ ಬರಬಹುದು. ವಿಮರ್ಶಕನು ಸಂಗತಿಗಳನ್ನು ತಪ್ಪಾಗಿ ಹೇಳಿದ್ದರೆ ತಿದ್ದುವುದು ಗ್ರಂಥಕರ್ತನ ಹೊಣೆ. ತತ್ತ್ವದ ಪ್ರಶ್ನೆ ಎದ್ದಿದ್ದರೆ, ನಮ್ಮ ಶಾಸ್ತ್ರಕಾರರಂತೆ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮೊದಲು ನಿರೂಪಿಸಿ, ಅನಂತರ ಸಿದ್ಧಾಂತವನ್ನು ಹೇಳಬೇಕು. ಅದೂ ಒಮ್ಮೆ ಮಾತ್ರ. ಕೃತಿ ರುಚಿಸಲಿಲ್ಲವೆಂಬ ಮಾತಿಗೆ ಉತ್ತರವಿಲ್ಲ. ರಸಾನುಭವವನ್ನು ವಾದದಿಂದ ಹುಟ್ಟಿಸಿದವರಿಲ್ಲ. ಅಲ್ಲಿ ಮುಂದಿನ ಕೃತಿಯೇ ಗತಿ.

ಇದರಲ್ಲಿ ಅಧ್ಯಾಪಕರ ಪಾಲೂ ಇದೆ. ರಾಜಾಜಿನಗರ, ವಿಜಯನಗರಗಳ ಕಾಲೇಜುಗಳಲ್ಲಾಗಲಿ ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿಯ ತರಗತಿಗಳಲ್ಲಾಗಲಿ 'ಶೂದ್ರ ತಪಸ್ವಿ'ಯನ್ನು ಪಾಠ ಹೇಳುವವರು ನಾಟಕದೊಡನೆ ಮಾಸ್ತಿಯವರ ಆಕ್ಷೇಪವನ್ನೂ ಕವಿಯ ಉತ್ತರವನ್ನೂ ಓದಿಸಬೇಕು. ಖಂಡನೆಯನ್ನು ದ್ವೇಷವೆಂದು ಬಗೆಯದ ಗ್ರಂಥಕರ್ತರೂ, ಉತ್ತರವನ್ನು ಅಹಂಕಾರವೆಂದು ಬಗೆಯದ ವಾಚಕರೂ ಅಂತಹ ಓದಿನಿಂದಲೇ ಸಿದ್ಧರಾಗತಕ್ಕವರು.