ಯೀಸ್ಟಿಗೆ ಅರೆಹೊಟ್ಟೆಯ ಊಟ

ಫರ್ಮೆಂಟರ್ ಇರುವ ಹಾಲಿಗೆ ಹೊಸಬರು ಕಾಲಿಟ್ಟರೆ ಅವರ ಕಣ್ಣು ಫಳಫಳ ಹೊಳೆಯುವ ಸ್ಟೀಲ್ ಟ್ಯಾಂಕಿನ ಮೇಲೆ ನೆಡುತ್ತದೆ. ಅದನ್ನು ಸುತ್ತಿಕೊಂಡ ಪೈಪುಗಳು, ನೆತ್ತಿಯ ಮೇಲೆ ಗುಂಯ್‌ಗುಡುವ ಮೋಟಾರು ಎಲ್ಲವನ್ನೂ ಬೆರಗಿನಿಂದ ನೋಡುತ್ತಾರೆ. ಪಳಗಿದವರು ಮೊದಲು ಬಗ್ಗಿ ನೋಡುವುದು ಪಕ್ಕದ ತಕ್ಕಡಿಯ ಮೇಲೆ ಕೂತ ಫೀಡ್ ಬಾಟಲಿಯನ್ನು, ಅದರ ಕೊಳವೆಯನ್ನು ಹಿಸುಕುತ್ತ ನಿಧಾನಕ್ಕೆ ತಿರುಗುವ ಪುಟ್ಟ ಪಂಪನ್ನು. ಯೀಸ್ಟಿನಿಂದ ಪ್ರೋಟೀನ್ ಮಾಡಿಸಿಕೊಳ್ಳುವ ಕಸುಬಿನಲ್ಲಿ ಸೋಲು-ಗೆಲುವು ಬಹುಪಾಲು ನಿರ್ಧಾರವಾಗುವುದು ಅಲ್ಲೇ. ತಳಿ ಚೆನ್ನಾಗಿರಬಹುದು, ಜೀನು ಜಾಗದಲ್ಲಿ ಸರಿಯಾಗಿ ಕೂತಿರಬಹುದು. ಬಡಿಸುವ ಕೈ ಪಳಗದಿದ್ದರೆ ಬ್ಯಾಚ್ ಕೆಟ್ಟಂತೆಯೇ. ಕೆಡುವುದೂ ಸಾಮಾನ್ಯವಾಗಿ ಕಡಿಮೆ ಬಡಿಸಿದ್ದರಿಂದಲ್ಲ, ಸುರಿದದ್ದರಿಂದ.

ಈ ಸತ್ಯ ಮೊದಲು ಗೊತ್ತಾದದ್ದು ಬೇಕರಿ ಯೀಸ್ಟ್ ಬೆಳೆಸುವವರಿಗೆ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಆ ಯೀಸ್ಟಿಗೆ ಒಂದು ಚಟವಿದೆ: ಸಕ್ಕರೆ ಧಾರಾಳವಾಗಿ ಸಿಕ್ಕರೆ, ಗಾಳಿ ಎಷ್ಟೇ ಊದಿದರೂ, ಅದು ಮೈ ಬೆಳೆಸುವುದನ್ನು ಬಿಟ್ಟು ಆಲ್ಕೋಹಾಲ್ ಮಾಡಲು ಕೂರುತ್ತದೆ. ಇದನ್ನು ಕ್ರ್ಯಾಬ್‌ಟ್ರೀ ಪರಿಣಾಮ ಎನ್ನುತ್ತಾರೆ. ಉಸಿರಾಟದ ದಾರಿಯಲ್ಲಿ ಹೋದರೆ ಒಂದು ಗ್ರಾಂ ಗ್ಲೂಕೋಸಿಗೆ ಸುಮಾರು ಅರ್ಧ ಗ್ರಾಂ ಒಣ ಯೀಸ್ಟ್ ಸಿಗುತ್ತದೆ. ಆಲ್ಕೋಹಾಲಿನ ದಾರಿ ಹಿಡಿದರೆ ಅದು ಗ್ರಾಮಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಡೆನ್ಮಾರ್ಕ್ ಮತ್ತು ಜರ್ಮನಿಯ ತಯಾರಕರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಕಾಕಂಬಿಯನ್ನು ಒಂದೇ ಸಲ ಟ್ಯಾಂಕಿಗೆ ಸುರಿಯದೆ, ಯೀಸ್ಟ್ ತಿಂದು ಮುಗಿಸುತ್ತ ಬಂದಷ್ಟೇ ಬಿಡತೊಡಗಿದರು. ಇವತ್ತು ಫೆಡ್-ಬ್ಯಾಚ್ ಎಂದು ಕರೆಯುವ ಪದ್ಧತಿಯ ಬೇರು ಅದೇ. ಔಷಧ ಕಂಪನಿಗಳವರು ಇದನ್ನು ತಮ್ಮದೇ ಆವಿಷ್ಕಾರವೆಂಬಂತೆ ಸ್ಲೈಡ್ ತೋರಿಸುವಾಗ ಬ್ರೆಡ್ಡಿನವರನ್ನು ಒಮ್ಮೆ ನೆನೆಯಬಹುದಿತ್ತು.

ಆದರೆ ಪ್ರೋಟೀನಿನ ರಸಿಕರಿಗೆ ಪ್ರಿಯವಾದದ್ದು ಇನ್ನೊಂದು ಯೀಸ್ಟ್, ಪಿಚಿಯಾ ಪಾಸ್ಟೋರಿಸ್. ವರ್ಗೀಕರಣದ ಪಂಡಿತರು ಅದಕ್ಕೀಗ ಕೊಮಗಟೆಲ್ಲಾ ಫಾಫಿ ಎಂದು ನಾಮಕರಣ ಮಾಡಿದ್ದಾರೆ, ಲ್ಯಾಬಿನಲ್ಲಿ ಮಾತ್ರ ಯಾರೂ ಹಳೆಯ ಹೆಸರು ಬಿಟ್ಟಿಲ್ಲ. ಮೆಥನಾಲ್ ತಿಂದು ಬದುಕುವ ಯೀಸ್ಟುಗಳಿವೆ ಎಂದು ಜಪಾನಿನ ಕೊಇಚಿ ಒಗಾಟ 1969ರಲ್ಲಿ ತೋರಿಸಿದರು. ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಗೆ ಕಿವಿ ನೆಟ್ಟಗಾಯಿತು: ಅಗ್ಗದ ನೈಸರ್ಗಿಕ ಅನಿಲದಿಂದ ಮೆಥನಾಲ್, ಮೆಥನಾಲಿನಿಂದ ಯೀಸ್ಟ್, ಯೀಸ್ಟಿನಿಂದ ದನ-ಕೋಳಿಗಳ ಮೇವು. ಲೀಟರಿಗೆ 130 ಗ್ರಾಮಿಗಿಂತ ಹೆಚ್ಚು ಒಣ ಯೀಸ್ಟ್ ಬೆಳೆಸುವ ವಿದ್ಯೆಯೂ ಅವರ ಕೈಗೆ ಬಂತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ಮೆಥನಾಲ್ ದುಬಾರಿಯಾಯಿತು, ಸೋಯಾ ಹಿಂಡಿಯ ಎದುರು ಲೆಕ್ಕಾಚಾರ ಮಗುಚಿತು. ಮೇವಿನ ಕನಸು ಮುಗಿದರೂ ವಿದ್ಯೆ ಉಳಿಯಿತು. ಎಂಬತ್ತರ ದಶಕದಲ್ಲಿ ಅದೇ ಕಂಪನಿ ಸಾಲ್ಕ್ ಸಂಸ್ಥೆಯ ಕೈಗಾರಿಕಾ ಅಂಗದ ವಿಜ್ಞಾನಿಗಳ ಜೊತೆ ಸೇರಿ ಈ ಯೀಸ್ಟನ್ನು ಪ್ರೋಟೀನ್ ಕಾರ್ಖಾನೆಯಾಗಿ ಮಾರ್ಪಡಿಸಿತು.

ಗುಟ್ಟು ಇರುವುದು ಎಓಎಕ್ಸ್ 1 ಎಂಬ ಜೀನಿನ ಸ್ವಿಚ್ಚಿನಲ್ಲಿ. ಮೆಥನಾಲನ್ನು ಜೀರ್ಣಿಸುವ ಕಿಣ್ವಕ್ಕೆ ಆಮ್ಲಜನಕವನ್ನು ಹಿಡಿಯುವ ಶಕ್ತಿ ಕಡಿಮೆ. ಗುಣದ ಕೊರತೆಯನ್ನು ಸಂಖ್ಯೆಯಿಂದ ತುಂಬಿಕೊಳ್ಳಲು ಜೀವಕೋಶ ಆ ಕಿಣ್ವವನ್ನು ರಾಶಿ ರಾಶಿ ಮಾಡುತ್ತದೆ. ಮೆಥನಾಲಿನ ಮೇಲೆ ಬೆಳೆದ ಪಿಚಿಯಾದಲ್ಲಿ ಕರಗುವ ಪ್ರೋಟೀನಿನ ಶೇ 30ರವರೆಗೂ ಇದೊಂದೇ ಇರಬಹುದು. ಅದೇ ಸ್ವಿಚ್ಚಿನ ಮುಂದೆ ಇನ್ಸುಲಿನ್ ಜೀನನ್ನು ಕೂರಿಸಿದರೆ? ಮೆಥನಾಲ್ ಬಿದ್ದೊಡನೆ ಇನ್ಸುಲಿನ್ ಶುರು. ಗ್ಲೂಕೋಸೋ ಗ್ಲಿಸರಾಲೋ ಚೂರು ಉಳಿದಿದ್ದರೂ ಸ್ವಿಚ್ ಬಂದ್.

ಇದರಿಂದಾಗಿ ಪಿಚಿಯಾದ ಊಟ ಪಂಕ್ತಿಯ ಕ್ರಮದಲ್ಲಿ ನಡೆಯಬೇಕು. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಪಾಠದ ಪ್ರಕಾರ ಮೊದಲು ಲೀಟರಿಗೆ 40 ಗ್ರಾಂ ಗ್ಲಿಸರಾಲ್, ಜೊತೆಗೆ ಲವಣಗಳು. ತಾಪ 30 ಡಿಗ್ರಿ, ಪಿಎಚ್ 5. ಪಿಎಚ್ ಕಾಯಲು ಹಾಕುವ ಅಮೋನಿಯಾ ದ್ರಾವಣವೇ ಸಾರಜನಕದ ಊಟವೂ ಆಗುತ್ತದೆ. ಸುಮಾರು ಒಂದು ದಿನದಲ್ಲಿ ಗ್ಲಿಸರಾಲ್ ಖಾಲಿ. ಆಮೇಲೆ ಶೇ 50ರ ಗ್ಲಿಸರಾಲನ್ನು ಲೀಟರಿಗೆ ಗಂಟೆಗೆ 18 ಮಿಲಿಲೀಟರಿನಂತೆ ನಾಲ್ಕು ಗಂಟೆ ಹನಿಸಿ, ಹಸಿ ತೂಕ ಲೀಟರಿಗೆ 200 ಗ್ರಾಮಿನ ಆಸುಪಾಸಿಗೆ ಬಂದಾಗ ನಿಲ್ಲಿಸಿ, ಉಳಿದದ್ದು ಮುಗಿಯುವವರೆಗೆ ಉಪವಾಸ. ಆಗ ಮೆಥನಾಲ್. ಅದೂ ಲೀಟರಿಗೆ ಗಂಟೆಗೆ 3.6 ಮಿಲಿಲೀಟರಿನಿಂದ ಆರಂಭಿಸಿ, ಯೀಸ್ಟ್ ಒಗ್ಗಿದ ಮೇಲೆ 7.3, ಆಮೇಲೆ 10.9. ಉಪವಾಸ ಬಿಡುವವರಿಗೆ ಮೊದಲು ಗಂಜಿ ಕೊಡುವಂತೆ ಈ ಮೊದಲ ಕೆಲವು ಗಂಟೆ ಕೈ ಬಿಗಿಹಿಡಿಯಬೇಕು. ಮೆಥನಾಲಿನ ಮೊದಲ ಹೆಜ್ಜೆಯಲ್ಲೇ ಹುಟ್ಟುವುದು ಫಾರ್ಮಾಲ್ಡಿಹೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್, ಎರಡೂ ವಿಷ. ಅವನ್ನು ಅರಗಿಸುವ ಸಿದ್ಧತೆ ಕೋಶದೊಳಗೆ ಆಗುವ ಮುನ್ನ ಅವಸರ ಪಟ್ಟರೆ ಇಡೀ ಬ್ಯಾಚ್ ಅಲ್ಲೇ ಮಲಗುತ್ತದೆ.

ಯೀಸ್ಟ್ ಹಸಿದಿದೆಯೋ ಉಂಡು ಬೇಸತ್ತಿದೆಯೋ ಎಂದು ತಿಳಿಯುವುದು ಹೇಗೆ? ಇಲ್ಲಿದೆ ಈ ಕಸುಬಿನ ಅತ್ಯಂತ ಸೊಗಸಾದ ಪರೀಕ್ಷೆ. ಪರದೆಯ ಮೇಲೆ ಕರಗಿದ ಆಮ್ಲಜನಕದ ಗೆರೆ, ಶಿಫ್ಟಿನವರ ಬಾಯಲ್ಲಿ ಡಿಒ, ಶೇ 30ರ ಸುತ್ತ ನಡುಗುತ್ತ ಓಡುತ್ತಿರುತ್ತದೆ. ಆಪರೇಟರ್ ಫೀಡ್ ಪಂಪನ್ನು ನಿಲ್ಲಿಸಿ ಗಡಿಯಾರ ನೋಡುತ್ತಾನೆ. ಒಂದು ನಿಮಿಷದೊಳಗೆ ಗೆರೆ ಹತ್ತು ಅಂಶ ಮೇಲಕ್ಕೆ ಚಿಮ್ಮಿದರೆ ಟ್ಯಾಂಕಿನಲ್ಲಿ ಮೆಥನಾಲ್ ಉಳಿದಿಲ್ಲ ಎಂದರ್ಥ. ತಿನ್ನಲಿಕ್ಕೆ ಇಲ್ಲದ ಯೀಸ್ಟ್ ಉಸಿರೆಳೆಯುವುದನ್ನೂ ನಿಲ್ಲಿಸಿದೆ. ಪಂಪ್ ಮತ್ತೆ ಚಾಲೂ, ಗೆರೆ ಕೆಳಕ್ಕೆ. ಬದಲಿಗೆ ಗೆರೆ ಅಲ್ಲಾಡದೆ ಮಲಗಿದ್ದರೆ ಒಳಗೆ ಮೆಥನಾಲ್ ಕೂಡಿಕೊಳ್ಳುತ್ತಿದೆ, ಕೂಡಲೇ ಫೀಡ್ ತಗ್ಗಿಸಬೇಕು. ಮೆಥನಾಲ್ ಅಳೆಯುವ ಸೆನ್ಸರುಗಳು ಬಂದ ಮೇಲೂ ಈ ಪರೀಕ್ಷೆಯ ಮೇಲಿನ ಮೋಹ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಒಂದೇ ಎಚ್ಚರ: ಮೆಥನಾಲನ್ನು ನಿಧಾನಕ್ಕೆ ತಿನ್ನುವಂತೆ ಎಓಎಕ್ಸ್ 1 ಜೀನನ್ನು ಮುರಿದಿಟ್ಟ ತಳಿಗಳಲ್ಲಿ ಇದನ್ನು ನಂಬುವಂತಿಲ್ಲ. ಅಲ್ಲಿ ಟ್ಯಾಂಕಿನಲ್ಲಿ ಸದಾ ಒಂದಿಷ್ಟು ಮೆಥನಾಲ್ ಉಳಿದೇ ಇರುತ್ತದೆ.

ಇನ್ನು ದರದ ಪ್ರಶ್ನೆ. ಪಾಠದ ಪುಸ್ತಕ ಹೇಳಿದ 10.9ನ್ನು ಕೊನೆಯವರೆಗೂ ಹಿಡಿದರೆ, ಟ್ಯಾಂಕಿನಲ್ಲಿ ಯೀಸ್ಟ್ ಹೆಚ್ಚುತ್ತ ಹೋದಂತೆ ಒಂದೊಂದು ಕೋಶದ ಪಾಲು ತಾನಾಗಿಯೇ ಕಡಿಮೆಯಾಗುತ್ತದೆ, ಬೆಳವಣಿಗೆಯೂ ಮಂದವಾಗುತ್ತದೆ. ಬೆಳವಣಿಗೆಯ ವೇಗ ಒಂದೇ ಸಮ ಇರಬೇಕಾದರೆ ಫೀಡ್ ಚಕ್ರಬಡ್ಡಿಯಂತೆ ಏರಬೇಕು. ಗಂಟೆಗೆ 0.1ರ ವೇಗ ಬೇಕೆಂದರೆ ಏಳು ಗಂಟೆಗೊಮ್ಮೆ ಯೀಸ್ಟ್ ಇಮ್ಮಡಿ, ಪಂಪಿನ ವೇಗವೂ ಇಮ್ಮಡಿ. ಕಂಪ್ಯೂಟರ್ ಕೈಯಲ್ಲಿರುವ ಇಂದಿನ ಕಾಲದಲ್ಲಿ ಇದು ಸಲೀಸು, ಹಾಗಾಗಿಯೇ ಅನೇಕರು ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳುತ್ತಾರೆ. ಅದು ಅವಸರದ ಆಯ್ಕೆ. ಕೆಲವು ಪ್ರೋಟೀನುಗಳು ಯೀಸ್ಟ್ ಚುರುಕಾಗಿ ಬೆಳೆದಷ್ಟೂ ಹೆಚ್ಚು ಬರುತ್ತವೆ. ಇನ್ನು ಕೆಲವು, ಮಡಿಚಿಕೊಳ್ಳಲು ಹೊತ್ತು ಬೇಡುವಂಥವು, ಮಂದ ಬೆಳವಣಿಗೆಯಲ್ಲೇ ಚೆನ್ನಾಗಿ ಬರುತ್ತವೆ. ಯಾವುದು ಯಾವ ಜಾತಿ ಎಂದು ಒಂದೆರಡು ಲೀಟರಿನ ಸಣ್ಣ ಫರ್ಮೆಂಟರುಗಳಲ್ಲಿ ಬೇರೆ ಬೇರೆ ವೇಗದಲ್ಲಿ ಓಡಿಸಿ ನೋಡದೆ ಹೇಳಲಾಗದು. ಮೆಥನಾಲಿನ ಜೊತೆ ಸಾರ್ಬಿಟಾಲ್ ಬೆರೆಸಿ ಕೊಡುವ ಪದ್ಧತಿಯೂ ಇದೆ. ಸಾರ್ಬಿಟಾಲ್ ಆ ಸ್ವಿಚ್ಚನ್ನು ಆರಿಸುವುದಿಲ್ಲ, ಶಾಖ ಮತ್ತು ಆಮ್ಲಜನಕದ ಹೊರೆಯನ್ನೂ ತಗ್ಗಿಸುತ್ತದೆ.

ಹಸಿ ತೂಕವನ್ನೇ ಪದಕದಂತೆ ತೋರಿಸುವ ಚಾಳಿಯೂ ಈ ವಲಯದಲ್ಲಿದೆ. ಕೊನೆಗೆ ಲೀಟರಿಗೆ 350ರಿಂದ 450 ಗ್ರಾಂ ಸಿಗುವುದು ಸಹಜವೇ. ಆದರೆ ಟ್ಯಾಂಕಿನ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಯೀಸ್ಟೇ ಆದಾಗ, ಅದರಲ್ಲಿ ನೂರಕ್ಕೆ ಎರಡು ಕೋಶ ಒಡೆದರೂ ಸಾಕು, ಒಳಗಿದ್ದ ಪ್ರೋಟಿಯೇಸುಗಳು ಹೊರಬಂದು ದಿನಗಟ್ಟಲೆ ಕೂಡಿಸಿದ ಪ್ರೋಟೀನನ್ನು ಕತ್ತರಿಸತೊಡಗುತ್ತವೆ. ಅದಕ್ಕಾಗಿ ತಾಪ ಇಳಿಸುತ್ತಾರೆ, ಪಿಎಚ್ಚನ್ನು 3ರಿಂದ 7ರೊಳಗೆ ಆಚೀಚೆ ಸರಿಸಿ ನೋಡುತ್ತಾರೆ. ಅಷ್ಟು ಅಗಲದ ಪಿಎಚ್ ತಾಳಿಕೊಳ್ಳುವುದು ಪಿಚಿಯಾದ ದೊಡ್ಡಗುಣ. ಸೆಂಟ್ರಿಫ್ಯೂಜ್ ನಡೆಸುವವರನ್ನು ಕೇಳಿದರೆ ಅವರು ಇನ್ನೂ ನೂರು ಗ್ರಾಂ ಕಮ್ಮಿ ಮಾಡಿ ಎಂದಾರು.

ಭಾರತದ ಮಟ್ಟಿಗೆ ಈ ಯೀಸ್ಟಿನ ಋಣ ಸಣ್ಣದಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೊರತಂದ ಹೆಪಟೈಟಿಸ್ ಬಿ ಲಸಿಕೆ ಪಿಚಿಯಾದ್ದೇ. ಹೊಸೂರು ರಸ್ತೆಯ ಬಯೋಕಾನ್ ಶುರುವಾದದ್ದು 1978ರಲ್ಲಿ ಪಪ್ಪಾಯಿಯ ಪಪೇನ್ ಮತ್ತು ಬಿಯರ್ ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆಯುವ ಅಂಟಿನಿಂದ. ಅದು 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಜೆನ್ ಇನ್ಸುಲಿನ್ ಮತ್ತು ಆಮೇಲಿನ ಗ್ಲಾರ್ಜಿನ್ ಎರಡನ್ನೂ ಮಾಡಿದ್ದು ಪಿಚಿಯಾ. ಹೈದರಾಬಾದಿನ ಬಯಾಲಾಜಿಕಲ್ ಇ ಸಂಸ್ಥೆಯ ಕೊರ್ಬೆವ್ಯಾಕ್ಸ್ ಕೋವಿಡ್ ಲಸಿಕೆಯ ಪ್ರೋಟೀನೂ ಇದರದ್ದೇ.

ಕಾರ್ಖಾನೆಯ ಮಟ್ಟಕ್ಕೆ ಹೋದಾಗ ಲೆಕ್ಕ ಬೇರೆಯಾಗುತ್ತದೆ. ಹತ್ತು ಲೀಟರಿನ ಟ್ಯಾಂಕಿಗೆ ಗಂಟೆಗೆ 109 ಮಿಲಿಲೀಟರ್ ಮೆಥನಾಲ್ ಎಂದರೆ, ಹತ್ತು ಸಾವಿರ ಲೀಟರಿಗೆ ಗಂಟೆಗೆ 109 ಲೀಟರ್. ಅಷ್ಟು ಮೆಥನಾಲ್ ಉರಿದಾಗ ಏಳುವ ಶಾಖವನ್ನು ಹೊರಹಾಕಲು ಸುತ್ತಲಿನ ತಣ್ಣೀರಿನ ಜಾಕೆಟ್ಟಿಗೆ ಸಾಮರ್ಥ್ಯ ಸಾಲುವುದಿಲ್ಲ. ಟ್ಯಾಂಕಿನ ಗಾತ್ರ ಏರಿದ ಪ್ರಮಾಣದಲ್ಲಿ ಅದರ ಮೈಯ ವಿಸ್ತೀರ್ಣ ಏರುವುದಿಲ್ಲವಲ್ಲ. ತಾಪ 32 ದಾಟಿದರೆ ಪ್ರೋಟೀನ್ ಬರುವುದೇ ನಿಲ್ಲುತ್ತದೆ. ಮೆಥನಾಲ್ ಬೆಂಕಿಗೆ ಹತ್ತಿರದ್ದಾದ್ದರಿಂದ ಕಿಡಿ ಹಾರದ ಮೋಟಾರು, ಬೇರೆಯೇ ಕಟ್ಟಡದಲ್ಲಿ ಸಂಗ್ರಹ, ಅದಕ್ಕೊಂದು ಪರವಾನಗಿ. ಗ್ಲೂಕೋಸಿನ ಮೇಲೆಯೇ ಸದಾ ಕೆಲಸ ಮಾಡುವ ಜಿಎಪಿ ಎಂಬ ಬೇರೆ ಸ್ವಿಚ್ಚಿನ ಕಡೆಗೆ ಕೆಲವರು ವಾಲುವುದು ಈ ಕಾರಣಕ್ಕೇ. ಆದರೆ ಯೀಸ್ಟಿಗೆ ಒಗ್ಗದ ಪ್ರೋಟೀನಾದರೆ ಅದನ್ನು ಮೊದಲ ಗಂಟೆಯಿಂದಲೇ ಮಾಡುತ್ತ ಕೂರಬೇಕಾದ ಯೀಸ್ಟ್ ಸೊರಗುತ್ತದೆ. ಮೆಥನಾಲೇ ಬೇಕೆನ್ನುವವರು ಫೀಡ್ ದರವನ್ನು ಸಣ್ಣ ಫರ್ಮೆಂಟರಿನ ಅತ್ಯುತ್ತಮ ಫಲಿತಾಂಶದಿಂದಲ್ಲ, ಏಪ್ರಿಲ್ ತಿಂಗಳ ಮಧ್ಯಾಹ್ನ ಚಿಲ್ಲರ್ ಎಷ್ಟು ಶಾಖ ಎಳೆಯಬಲ್ಲದು ಎಂಬ ಲೆಕ್ಕದಿಂದ ಹಿಂದಕ್ಕೆ ಕಟ್ಟುತ್ತ ಬರುತ್ತಾರೆ. ಹಾಗೆ ಸಿಕ್ಕ ದರ ಎಷ್ಟೋ ಸಲ 10.9ಕ್ಕಿಂತ ಬಹಳ ಕೆಳಗಿರುತ್ತದೆ.