ನಾನು ನೀರು ಬೇಕು

ಮಾತು ಬಾರದ ನನ್ನ ಅಕ್ಕನ ಮಗ ಟ್ಯಾಬ್ಲೆಟ್ಟಿನ ಮೇಲೆ ಮೂರು ಚಿತ್ರ ಒತ್ತಿದ. ‘ನಾನು ನೀರು ಬೇಕು’ ಎಂದಿತು ಯಂತ್ರದ ದನಿ. ಅಕ್ಕ ನೀರು ತಂದಳು. ನಾನು ಮಾತ್ರ ಆ ವಾಕ್ಯದಲ್ಲೇ ಉಳಿದೆ. ಹಸಿವು, ಬಾಯಾರಿಕೆ, ಭಯ, ಇಷ್ಟ ಎಲ್ಲವೂ ಕನ್ನಡದಲ್ಲಿ ‘ನನಗೆ’ ಆಗುವಂಥವು.

ಇಂಥ ಆ್ಯಪ್‌ಗಳನ್ನು ನಾವು ತಂತ್ರಜ್ಞಾನದ ಪುಟಕ್ಕೆ ಬಿಟ್ಟುಕೊಟ್ಟಿದ್ದೇವೆ. ಅವನ್ನು ಪಠ್ಯವಾಗಿಯೂ ಓದಬೇಕು ಎಂಬುದು ನನ್ನ ಹಟ. 2009ರಲ್ಲಿ ಬಂದ ಪ್ರೊಲೊಕ್ವೊಟುಗೋದಂಥವು ಚೌಕಗಳನ್ನು ಸಾಲಾಗಿ ಜೋಡಿಸಿ ವಾಕ್ಯ ಕಟ್ಟುತ್ತವೆ. ಇಂಗ್ಲಿಷಿಗೆ ಇದು ಒಗ್ಗುತ್ತದೆ. ಅಲ್ಲಿ ಪದಗಳ ಸರದಿಯೇ ಹೆಚ್ಚಿನ ಕೆಲಸ ಮಾಡುತ್ತದೆ. ನಮ್ಮಲ್ಲಿ ಆ ಕೆಲಸ ಪದದ ಬಾಲದ್ದು. ಅಮ್ಮನಿಗೆ, ಅಮ್ಮನಿಂದ, ಅಮ್ಮನ ಜೊತೆ: ಚಿತ್ರ ಮಾತ್ರ ಒಂದೇ ಅಮ್ಮ. ‘ಇಗೆ’ಗೆ ಯಾವ ಚಿತ್ರ ಬರೆಯುವುದು?

ಚೆನ್ನೈನಲ್ಲಿ ‘ಆವಾಜ್’ ರೂಪಿಸಿದ ಅಜಿತ್ ನಾರಾಯಣನ್ ಈ ತೊಡಕನ್ನು ಬಲ್ಲವರು. 2013ರ ಟೆಡ್ ಭಾಷಣದಲ್ಲಿ ಅವರು ವಿವರಿಸಿದ ‘ಫ್ರೀಸ್ಪೀಚ್‌’ನಲ್ಲಿ ಚಿತ್ರಗಳು ಸಾಲಿನಲ್ಲಿ ನಿಲ್ಲುವುದಿಲ್ಲ. ಯಾರು, ಏನು, ಯಾವಾಗ ಎಂಬ ಪ್ರಶ್ನೆಗಳ ಮೂಲಕ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ವಾಕ್ಯ ಆಮೇಲೆ ಹುಟ್ಟುತ್ತದೆ. ಕೇಶಿರಾಜನ ಕಾರಕಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದವರಿಗೆ ಇದು ಪರಿಚಿತರ ಮನೆಯೇ.

ಆದರೆ ವಿಭಕ್ತಿಯ ಚಿಂತೆ ನನ್ನದು, ಹುಡುಗನದಲ್ಲ. ನಿಧಾನವಾಗಿ ಕಣ್ಣಿಗೆ ಬಿದ್ದ ಕೊರತೆ ಬೇರೆ. ಅವನ ಪರದೆಯ ತುಂಬ ಇದ್ದದ್ದು ತಿಂಡಿ, ಆಟಿಕೆ, ಬಚ್ಚಲು. ಆ ಪದಗಳನ್ನು ಆರಿಸಿದವರು ನಾವು, ದೊಡ್ಡವರು. ಹಾಗಾಗಿ ಮಗುವಿಗೆ ಸಿಕ್ಕಿದ್ದು ಕೇಳುವ ಭಾಷೆ ಮಾತ್ರ. ‘ಬೇಡ’ ಎರಡನೇ ಪುಟದಲ್ಲಿತ್ತು, ‘ಯಾಕೆ’ ಇರಲೇ ಇಲ್ಲ. ಜಗಳವಾಡಲು, ಸುಳ್ಳು ಹೇಳಲು, ಕೆಣಕಲು ಒಂದು ಚೌಕವೂ ಇಲ್ಲ. (‘ನೀನು’ ಇತ್ತು, ‘ನೀವು’ ಇರಲಿಲ್ಲ. ಯಂತ್ರ ‘ನೀನು ಬಾ’ ಎಂದಾಗ ಅಜ್ಜನೇನೋ ಎದ್ದು ಹೋದರು, ಅಕ್ಕನಿಗೆ ಮುಜುಗರವಾಯಿತು.) ಕೇಳಿದ್ದನ್ನು ತಂದುಕೊಟ್ಟರೆ ಸಂವಹನ ಮುಗಿಯಿತು ಎಂದುಕೊಳ್ಳುವ ಈ ಪಠ್ಯ ಮಗುವನ್ನು ಗಿರಾಕಿಯ ಮಟ್ಟಕ್ಕೆ ಇಳಿಸುತ್ತದೆ. ವ್ಯಾಕರಣ ತಿದ್ದುವ ಮೊದಲು ಅದರ ನಿಘಂಟನ್ನು ತಿದ್ದಬೇಕು.

ಹುಡುಗ ನಮಗಾಗಿ ಕಾಯಲಿಲ್ಲ. ಒಂದು ಮಧ್ಯಾಹ್ನ ಅಜ್ಜ ರಿಮೋಟ್ ಕಸಿದುಕೊಂಡಾಗ ಎರಡು ಚೌಕ ಒತ್ತಿದ: ‘ಅಜ್ಜ’, ‘ಬಾಳೆಹಣ್ಣು’. ಅಕ್ಕ ಹಣ್ಣು ತರಲು ಎದ್ದಳು. ಅವನು ತಲೆಯಾಡಿಸಿ, ಅದನ್ನೇ ಮತ್ತೆ ಒತ್ತಿ, ಅಜ್ಜನ ಮುಖ ನೋಡಿ ಜೋರಾಗಿ ನಕ್ಕ. ಅಜ್ಜ ಈಗ ಆ ಹೆಸರಿಗೇ ಓಗೊಡುತ್ತಾರೆ.